ನಿಮಗಿದು ಗೊತ್ತೆ? ದೊಡ್ಡವರಾದ ಮೇಲೂ ಬಿಡದ ಡಿಜಾರ್ಜ್
22ನೇ ವರ್ಣತಂತುವಿನ ಸಣ್ಣ ತುಣುಕೊಂದು ಹುಟ್ಟಿನಿಂದಲೇ ಇಲ್ಲದಿದ್ದರೆ ಅದು ಡಿಜಾರ್ಜ್ ಸಿಂಡ್ರೋಮ್. ಎಷ್ಟೋ ಮಕ್ಕಳಲ್ಲಿ ಹೃದಯದ ತೊಂದರೆಯಿಂದಲೇ ಪತ್ತೆಯಾಗುತ್ತದೆ. ಆಪರೇಷನ್ ಆಯಿತು, ಮುಗಿಯಿತು ಅನ್ನುವಂತಿಲ್ಲ. ನಡುವಯಸ್ಸಿನಲ್ಲೂ ರಕ್ತದ ಕ್ಯಾಲ್ಸಿಯಂ ಇಳಿದು ಬಾಯಿ ಸುತ್ತ ಜುಮುಗುಟ್ಟಬಹುದು, ಬೆರಳು ಸೆಟೆಯಬಹುದು, ಫಿಟ್ಸೂ ಬರಬಹುದು. ಆಪರೇಷನ್, ಹೆರಿಗೆ ಹೊತ್ತಿನಲ್ಲಿ ಅಪಾಯ ಹೆಚ್ಚು. ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಲು ಶಲವಡಿಯಂಥ ಊರಿನವರು ಬೆಂಗಳೂರಿಗೆ ಓಡಬೇಕಿಲ್ಲ, ಹುಬ್ಬಳ್ಳಿಯ ಲ್ಯಾಬ್ ಸಾಕು. ತಳಿ ಸಲಹೆಗೆ ಮಾತ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಈ ಸಿಂಡ್ರೋಮ್ ಇರುವವರಲ್ಲಿ ಚೆನ್ನಾಗಿ ಮಾತಾಡುವವರೂ ಸಂತೆಯಲ್ಲಿ ಚಿಲ್ಲರೆ ಎಣಿಸಲು ತಡವರಿಸುವುದುಂಟು, ಅದು ಸೋಮಾರಿತನವಲ್ಲ. ಇಂಥವರಿಗೆ 50 ತುಂಬುವ ಮೊದಲೇ ಕೈ ನಡುಗಿದರೆ ಪಾರ್ಕಿನ್ಸನ್ ಇದ್ದೀತು. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ಅಂಥದೇ ನಡುಕ ಬರುವುದರಿಂದ ವೈದ್ಯರೂ ಏಮಾರಬಹುದು.