ಪೆನ್ಸಿಲ್ ಮೊನೆಗೆ ಸಿಕ್ಕ ಮಂಜರಾಬಾದ್

ಬಿಸಿಲೆ ಘಾಟಿಯ ವ್ಯೂ ಪಾಯಿಂಟಿನಲ್ಲಿ ನಿಂತು ಕುಮಾರಪರ್ವತವನ್ನು ಬಿಡಿಸುವವರಿಗೆ ಒಂದು ಅನುಕೂಲವಿದೆ. ಗೆರೆ ಕೊಂಚ ಅತ್ತಿತ್ತ ಸರಿದರೂ ಬೆಟ್ಟ ಬೆಟ್ಟವಾಗಿಯೇ ಕಾಣುತ್ತದೆ. ಕಟ್ಟಡ ಅಷ್ಟು ಉದಾರಿಯಲ್ಲ. ಕಮಾನು ಕೂದಲೆಳೆಯಷ್ಟು ವಾಲಿದರೂ ನೋಡುವವರ ಕಣ್ಣಿಗೆ ತಟ್ಟನೆ ಹೊಡೆಯುತ್ತದೆ. ಆದ್ದರಿಂದ ಹಳೆಯ ಕಟ್ಟಡದ ಪೆನ್ಸಿಲ್ ಚಿತ್ರವೊಂದು ಕೈಗೆ ಬಂದಾಗ ಮೊದಲು ಹುಡುಕಬೇಕಾದದ್ದು, ಚಿತ್ರಕಾರ ಎಲ್ಲಿ ಕೂತು ಬರೆದ ಎಂಬುದನ್ನು.

ಸಕಲೇಶಪುರದಿಂದ ಮಂಗಳೂರು ಹೆದ್ದಾರಿ ಹಿಡಿದರೆ ದೋಣಿಗಾಲ್ ಬಳಿ ಸಿಗುವ ಮಂಜರಾಬಾದ್ ಕೋಟೆ ಇದಕ್ಕೆ ಒಳ್ಳೆಯ ಉದಾಹರಣೆ. ಟಿಪ್ಪು ಸುಲ್ತಾನ್ ಕಟ್ಟಿಸಿದ, 1792ರಲ್ಲಿ ಮುಗಿದ ಈ ಕೋಟೆಗೆ ಎಂಟು ಮೂಲೆಯ ನಕ್ಷತ್ರದ ಆಕಾರ, ಮಾದರಿ ಫ್ರೆಂಚರದ್ದು. ಡ್ರೋನ್ ಫೋಟೊಗಳಿಂದ ಆ ನಕ್ಷತ್ರ ಈಗ ಎಲ್ಲರಿಗೂ ಪರಿಚಿತ. ಆದರೆ ನೆಲದ ಮೇಲೆ ನಿಂತವರಿಗೆ ನಕ್ಷತ್ರ ಎಲ್ಲಿಯೂ ಕಾಣದು. ಕಾಣುವುದು ಒಳಕ್ಕೆ ಮಡಚಿ ಮತ್ತೆ ಹೊರಕ್ಕೆ ಚಾಚುವ ಕಲ್ಲುಗೋಡೆ ಮಾತ್ರ.

ಪಳಗಿದ ಕೈ ಅದನ್ನು ಹಿಡಿಯುವ ಬಗೆ ನೋಡಿ. ಬಿಸಿಲು ಬಿದ್ದ ಮುಖಕ್ಕೆ ಕಾಗದದ ಬಿಳುಪನ್ನೇ ಬಿಟ್ಟಿರುತ್ತದೆ. ಪಕ್ಕದ ಮುಖಕ್ಕೆ 2ಬಿ ಪೆನ್ಸಿಲನ್ನು ಓರೆಯಾಗಿ ಉಜ್ಜಿದ ತೆಳು ಬೂದು. ಎರಡೂ ಕೂಡುವ ಮೂಲೆಯಲ್ಲಿ 6ಬಿಯ ಒಂದೇ ಒಂದು ಗಾಢ ಗೆರೆ. ಗೋಡೆ ತಿರುಗಿತು! ಕಲ್ಲುಗಳನ್ನು ಎಣಿಸಿ ಎಣಿಸಿ ಬರೆದ ಚಿತ್ರಕ್ಕಿಂತ, ನಾಲ್ಕೈದು ಕಡೆ ಮಾತ್ರ ಸಂದು ತೋರಿಸಿ ಉಳಿದದ್ದನ್ನು ನೋಡುವವರಿಗೆ ಬಿಟ್ಟ ಚಿತ್ರವೇ ಮೇಲು. ಸಾಲದ್ದಕ್ಕೆ ಮಲೆನಾಡಿನ ಥಂಡಿ ಬೇರೆ. ತೇವ ಹೀರಿ ಮೆತ್ತಗಾದ ಕಾಗದದಲ್ಲಿ ಹೆಚ್ಚು ಅಳಿಸಿದರೆ ಮೇಲ್ಮೈ ಏಳುತ್ತದೆ. ಇಲ್ಲಿ ರಬ್ಬರನ್ನು ನೆಚ್ಚಿ ಕೂರುವಂತಿಲ್ಲ.

ನಗರದ ಕಟ್ಟಡಗಳಿಗೂ ಇಂಥ ಚಿತ್ರಗಳ ಋಣವಿದೆ. ಬೆಂಗಳೂರು ಕೋಟೆಯೊಳಗಿನ ಟಿಪ್ಪು ಅರಮನೆ ಪೂರ್ಣಗೊಂಡದ್ದು 1791ರಲ್ಲಿ; ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ಗೆದ್ದದ್ದೂ ಅದೇ ವರ್ಷ. ಆ ದಂಡಿನ ಜೊತೆಗಿದ್ದ ರಾಬರ್ಟ್ ಹೋಮ್ ಮತ್ತು ಫಿರಂಗಿ ದಳದ ಜೇಮ್ಸ್ ಹಂಟರ್ ಕಂಡದ್ದನ್ನು ಸ್ಥಳದಲ್ಲೇ ಬರೆದುಕೊಂಡರು. ಹಂಟರ್ 1792ರಲ್ಲಿ ತೀರಿಕೊಂಡ. ಅವನ ಚಿತ್ರಗಳು ಅಚ್ಚಾಗಿ ಲಂಡನ್ನಿನಲ್ಲಿ ಪುಸ್ತಕವಾದದ್ದು 1805ರಲ್ಲಿ. ಕ್ಯಾಮೆರಾ ಬರುವ ಮೊದಲು ಅರಮನೆಯ ಕಂಬ, ಕಮಾನುಗಳು ಹೇಗಿದ್ದವೆಂದು ತಿಳಿಯಲು ಇಂದಿಗೂ ಅವನ್ನೇ ತೆರೆಯಬೇಕು. ಅವು ಗೆದ್ದವರ ಕಣ್ಣು ಕಂಡ ಚಿತ್ರಗಳೆಂಬ ಎಚ್ಚರವೂ ಜೊತೆಗಿರಬೇಕು.

ಮಂಜರಾಬಾದಿಗೆ ಶಾಲಾ ಪ್ರವಾಸಗಳು ಬರುತ್ತಲೇ ಇರುತ್ತವೆ. ಮಕ್ಕಳು ಮೆಟ್ಟಿಲು ಹತ್ತಿ, ಗುಂಪಿನ ಫೋಟೊ ತೆಗೆಸಿಕೊಂಡು ಬಸ್ಸಿಗೆ ಓಡುತ್ತಾರೆ. ಮೇಷ್ಟ್ರುಗಳು ಮುಂದಿನ ಸಲ ಒಂದು ಡ್ರಾಯಿಂಗ್ ಪುಸ್ತಕ, ಒಂದು ಪೆನ್ಸಿಲ್ ತರಲು ಹೇಳಲಿ. ಗೋಡೆಯ ಎದುರು ಮಕ್ಕಳನ್ನು ಅರ್ಧ ಗಂಟೆಯಾದರೂ ಕೂರಿಸಲಿ.