ಅಬ್ಸಾರ್ಪ್ಷನ್: ಯಾರು ಯಾರನ್ನ ಹೀರಿಕೊಂಡ್ರು?

ಹೋದ ವಾರದ ಎಪಿಸೋಡ್ ಆದ್ಮೇಲೆ ಬಿ.ಕಾಂ ಓದ್ತಿರೋ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. "ಅಣ್ಣಾ, ನಮ್ ಬುಕ್ಕಲ್ಲಿ ಅಬ್ಸಾರ್ಪ್ಷನ್ ಅಂತಿದೆ, ಟಿವಿಯಲ್ಲಿ ಮರ್ಜರ್ ಅಂತಾರೆ, ಪೇಪರ್‌ನಲ್ಲಿ ವಿಲೀನ ಅಂತ ಬರೀತಾರೆ. ಮೂರೂ ಒಂದೇನಾ?" ಒಂದೇ ಮಾರ್ಕಿನ ಪ್ರಶ್ನೆ ಥರ ಕೇಳಿಸುತ್ತೆ. ಆದ್ರೆ ನಿಮ್ಮ ಮನೆಯಲ್ಲಿ ಯಾರಿಗಾದ್ರೂ ವಿಜಯಾ ಬ್ಯಾಂಕ್ ಪಾಸ್‌ಬುಕ್ ಇದ್ದಿದ್ರೆ, ಈ ಪ್ರಶ್ನೆ ಆಗ್ಲೇ ನಿಮ್ಮ ಮನೆ ಬಾಗಿಲಿಗೆ ಬಂದು ಹೋಗಿದೆ.

ಮೊದಲು ಸಿಂಪಲ್ ಅರ್ಥ. ಸ್ಪಂಜು ನೀರು ಹೀರುತ್ತಲ್ಲ, ಅದೇ ಅಬ್ಸಾರ್ಬ್. ನೀರು ಸ್ಪಂಜಿನೊಳಗೆ ಹೋಯ್ತು, ಸ್ಪಂಜು ಸ್ಪಂಜಾಗಿಯೇ ಉಳೀತು. ಕಾಮರ್ಸ್‌ನಲ್ಲೂ ಹಾಗೇ. ಎ ಅನ್ನೋ ಕಂಪನಿ, ಬಿ ಅನ್ನೋ ಕಂಪನಿ ಎರಡೂ ಮುಚ್ಚಿ, ಸಿ ಅಂತ ಹೊಸ ಕಂಪನಿ ಹುಟ್ಟಿದ್ರೆ ಅದು ಅಮಾಲ್ಗಮೇಷನ್. ಎ ಹಾಗೇ ಇದ್ದು, ಬಿ ಮಾತ್ರ ಅದರೊಳಗೆ ಸೇರಿ ಇಲ್ಲವಾದ್ರೆ ಅದು ಅಬ್ಸಾರ್ಪ್ಷನ್. ನಮ್ಮ 2013ರ ಕಂಪನಿ ಕಾಯ್ದೆಯ 232ನೇ ಸೆಕ್ಷನ್ ಕೂಡ ಮರ್ಜರ್‌ನಲ್ಲಿ ಇವೆರಡೂ ಬಗೆ ಇದೆ ಅಂತ ವಿವರಿಸುತ್ತೆ. ಅಂದ್ರೆ ಮರ್ಜರ್ ದೊಡ್ಡ ಛತ್ರಿ, ಅಬ್ಸಾರ್ಪ್ಷನ್ ಅದರ ಕೆಳಗೆ ನಿಂತಿರೋ ಒಬ್ಬ.

ಈಗ ಕನ್ನಡಕ್ಕೆ ಬನ್ನಿ. "ಮೂರು ಬ್ಯಾಂಕ್ ವಿಲೀನ" ಅಂತ ಹೆಡ್‌ಲೈನ್ ಬಂದ್ರೆ ಮೂರೂ ಕೈ ಕೈ ಹಿಡ್ಕೊಂಡು ಒಂದಾದ್ವು ಅನ್ಸುತ್ತೆ. "ವಿಜಯಾ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ" ಅಂತ ಬರೆದ್ರೆ ಆ "ದಲ್ಲಿ" ಎಲ್ಲಾ ಹೇಳಿಬಿಡುತ್ತೆ, ಕರಗಿದ್ದು ಯಾರು, ಉಳಿದಿದ್ದು ಯಾರು ಅಂತ. ವಿಲೀನ ತಾನಾಗೇ ಆದ ಹಾಗೆ ಕೇಳಿಸುತ್ತೆ. ಹೀರಿಕೊಳ್ಳೋಕೆ ಒಬ್ರು ಬೇಕು, ಹೀರಿಸ್ಕೊಳ್ಳೋಕೆ ಇನ್ನೊಬ್ರು ಬೇಕು. ಅದಕ್ಕೇ ನಂಗೆ ಅಬ್ಸಾರ್ಪ್ಷನ್ ಅನ್ನೋ ಪದ ಇಷ್ಟ. ಅದರಲ್ಲಿ ಸ್ವಲ್ಪ ಪ್ರಾಮಾಣಿಕತೆ ಇದೆ.

ಇದನ್ನ ನೋಡೋಕೆ ಮೆಟ್ರೋ ನೇರಳೆ ಮಾರ್ಗದ ಒಂದು ಟಿಕೆಟ್ ಸಾಕು. ಎಂ.ಜಿ. ರೋಡಲ್ಲಿ ಇಳಿರಿ. ಅಲ್ಲಿ ಐಎನ್‌ಜಿ ವೈಶ್ಯ ಬ್ಯಾಂಕಿನ ಮುಖ್ಯ ಕಚೇರಿ ಇತ್ತು. 1930ರಲ್ಲಿ ನಮ್ಮ ಬೆಂಗಳೂರಲ್ಲೇ ವೈಶ್ಯ ಬ್ಯಾಂಕ್ ಅಂತ ಶುರುವಾಗಿದ್ದು, 2015ರ ಏಪ್ರಿಲ್ 1ಕ್ಕೆ ಕೋಟಕ್ ಮಹೀಂದ್ರಾ ಒಳಗೆ ಹೋಯ್ತು. ಮುಂದಿನ ಸ್ಟೇಷನ್ ಟ್ರಿನಿಟಿ. ಟ್ರಿನಿಟಿ ಸರ್ಕಲ್ ಪಕ್ಕದಲ್ಲೇ ವಿಜಯಾ ಬ್ಯಾಂಕಿನ ಮುಖ್ಯ ಕಚೇರಿ. 1931ರಲ್ಲಿ ಮಂಗಳೂರಲ್ಲಿ ಎ.ಬಿ. ಶೆಟ್ಟರು ಕಟ್ಟಿದ ಬ್ಯಾಂಕ್, 1969ರಲ್ಲಿ ಮುಖ್ಯ ಕಚೇರಿ ಬೆಂಗಳೂರಿಗೆ ಬಂತು, 1980ರಲ್ಲಿ ರಾಷ್ಟ್ರೀಕರಣ ಆಯ್ತು, 2019ರ ಏಪ್ರಿಲ್ 1ಕ್ಕೆ ಹೆಸರೇ ಹೋಯ್ತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ಕ್ಕೆ. ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ. ಮೂರ್ಖರ ದಿನ ಅಂತಲ್ಲ, ಹೊಸ ಹಣಕಾಸು ವರ್ಷದ ಮೊದಲ ದಿನ ಅಂತ. ಲೆಕ್ಕ ಸಲೀಸು.

ವಿಜಯಾ ಬ್ಯಾಂಕ್ ವಿಷ್ಯದಲ್ಲಿ ಜನ ಯಾಕೆ ಅಷ್ಟು ಬೇಜಾರಾದ್ರು ಗೊತ್ತಾ? 2017-18ರಲ್ಲಿ ಅದು ₹727 ಕೋಟಿ ಲಾಭ ತೋರಿಸಿತ್ತು. ಅದೇ ವರ್ಷ ಬ್ಯಾಂಕ್ ಆಫ್ ಬರೋಡಾ ನಷ್ಟದಲ್ಲಿತ್ತು, ಜೊತೆಗೆ ಸೇರಿದ ದೇನಾ ಬ್ಯಾಂಕೂ ನಷ್ಟದಲ್ಲಿತ್ತು. ಲಾಭದಲ್ಲಿರೋನನ್ನ ನಷ್ಟದಲ್ಲಿರೋನು ಹೀರಿಕೊಳ್ಳೋದು ಹೇಗೆ? ಸ್ಪಂಜಿಗೆ ಬೇಕಾಗಿರೋದು ಆ ವರ್ಷದ ಲಾಭ ಅಲ್ಲ, ಗಾತ್ರ. ಬರೋಡಾ ತುಂಬಾ ದೊಡ್ಡ ಬ್ಯಾಂಕ್. ಮತ್ತೆ ಮೂರಕ್ಕೂ ದೊಡ್ಡ ಮಾಲೀಕ ಒಬ್ಬರೇ, ಕೇಂದ್ರ ಸರ್ಕಾರ. ಸರಿಯಾಯ್ತಾ ತಪ್ಪಾಯ್ತಾ ಅನ್ನೋದು ಬೇರೆ ಚರ್ಚೆ. ನನ್ನ ಪ್ರಕಾರ ಕರಾವಳಿಯವರ ಬೇಜಾರು ಬರೀ ಸೆಂಟಿಮೆಂಟ್ ಅಲ್ಲ. ಸಾಲದ ಪಾಲಿಸಿ ತೀರ್ಮಾನ ಆಗೋ ಟೇಬಲ್ ಟ್ರಿನಿಟಿ ಸರ್ಕಲ್ ಬಿಟ್ಟು ದೂರ ಹೋಯ್ತು, ಅದು ನಿಜವಾದ ನಷ್ಟ.

ಷೇರು ಇದ್ದವರಿಗೆ ಏನಾಯ್ತು? ಪರೀಕ್ಷೆಯಲ್ಲಿ ಬರೋ ಪರ್ಚೇಸ್ ಕನ್ಸಿಡರೇಷನ್ ಇದೇ. ಹೀರಿಕೊಳ್ಳೋ ಕಂಪನಿ, ಹೋಗೋ ಕಂಪನಿಯ ಷೇರುದಾರರಿಗೆ ಕೊಡೋ ಬೆಲೆ. ವಿಜಯಾ ಬ್ಯಾಂಕಿನ 1000 ಷೇರಿಗೆ ಬರೋಡಾದ 402 ಷೇರು. ನಿಮ್ಮ ಅಜ್ಜನ ಹತ್ರ 500 ಇದ್ದಿದ್ರೆ 201 ಸಿಕ್ತಿತ್ತು. ಮಿಕ್ಕಿದ್ದು ಗುಳುಂ ಆಯ್ತು ಅಂದ್ಕೋಬೇಡಿ, ಎರಡು ಬ್ಯಾಂಕಿನ ಒಂದೊಂದು ಷೇರಿನ ಬೆಲೆ ಬೇರೆ ಬೇರೆ ಇತ್ತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಲ್ಲಿ ಉಲ್ಟಾ: 10 ಷೇರಿಗೆ ಎಸ್‌ಬಿಐನ 22.

ಖಾತೆ ಇದ್ದವರಿಗೆ ಮುಖ್ಯವಾದ ಎರಡು ಮಾತು. ಒಂದು, ಐಎಫ್‌ಎಸ್‌ಸಿ. ಸಿಂಡಿಕೇಟ್‌ನ ಹಳೇ ಕೋಡ್‌ಗಳು 2021ರ ಜುಲೈ 1ರಿಂದ ನಿಂತುಹೋದ್ವು. ಅಂದ್ರೆ ಬ್ಯಾಂಕ್ ಹೋಗಿ ಒಂದು ವರ್ಷ ದಾಟಿದ ಮೇಲೆ. ಅಲ್ಲೀತನಕ ನಡೀತಿದ್ದರಿಂದ ಎಷ್ಟೋ ಜನ ತಲೆ ಕೆಡಿಸಿಕೊಳ್ಳಲೇ ಇಲ್ಲ. ಹಳೇ ಎಲ್‌ಐಸಿ ಪಾಲಿಸಿ, ಪಿಎಫ್, ಸ್ಕಾಲರ್‌ಶಿಪ್ ಫಾರ್ಮ್‌ನಲ್ಲಿ ಅಪ್ಪ-ಅಮ್ಮ ಬರೆಸಿರೋ ಕೋಡ್ ಒಮ್ಮೆ ನೋಡಿ. ಎಸ್‌ವೈಎನ್‌ಬಿ, ವಿಐಜೆಬಿ, ಸಿಒಆರ್‌ಪಿ ಅಂತ ಶುರುವಾದ್ರೆ ಬದಲಾಯಿಸಿ.

ಎರಡನೇದು ಯಾರೂ ಹೇಳಲ್ಲ. ಬ್ಯಾಂಕ್ ಮುಳುಗಿದ್ರೆ ಡೆಪಾಸಿಟ್ ವಿಮೆ ಸಿಗೋದು ಒಬ್ಬರಿಗೆ, ಒಂದು ಬ್ಯಾಂಕಿಗೆ, ಅಸಲು ಬಡ್ಡಿ ಸೇರಿ ₹5 ಲಕ್ಷದ ತನಕ. 2020ರ ಫೆಬ್ರವರಿ 4ರಿಂದ ಇದೇ ಮಿತಿ. "ಒಂದು ಬ್ಯಾಂಕಿಗೆ" ಅನ್ನೋದನ್ನ ಹಿಡ್ಕೊಳ್ಳಿ. ಎರಡು ಬ್ಯಾಂಕಲ್ಲಿ 4 ಲಕ್ಷ, 4 ಲಕ್ಷ ಇಟ್ಟಿದ್ರೆ ಪೂರ್ತಿ 8ಕ್ಕೂ ವಿಮೆ. ಒಂದು ಬ್ಯಾಂಕ್ ಇನ್ನೊಂದನ್ನ ಹೀರಿಕೊಂಡ ಮೇಲೆ ಅದು ಒಂದೇ ಬ್ಯಾಂಕು, ವಿಮೆ 5ಕ್ಕೆ ಮಾತ್ರ. ದೊಡ್ಡ ಸರ್ಕಾರಿ ಬ್ಯಾಂಕ್ ವಿಷ್ಯಕ್ಕೆ ಗಾಬರಿ ಬೇಡ. ಆದ್ರೆ ಸಹಕಾರಿ ಬ್ಯಾಂಕುಗಳೂ ಒಂದರೊಳಗೊಂದು ಸೇರ್ತಿರ್ತವೆ, ಅಲ್ಲಿ ಇದು ಲೆಕ್ಕಕ್ಕೆ ಬರುತ್ತೆ.

ಇನ್ನೊಂದು ಅಬ್ಸಾರ್ಪ್ಷನ್ ಕಾಸ್ಟಿಂಗ್ ಪೇಪರ್‌ನಲ್ಲಿದೆ, ಕನ್‌ಫ್ಯೂಸ್ ಆಗ್ಬೇಡಿ. ಶಿವಾಜಿನಗರದಲ್ಲಿ ಒಂದು ಬಿರಿಯಾನಿ ಹೋಟೆಲ್ ಇದೆ ಅಂದ್ಕೊಳ್ಳಿ. ತಿಂಗಳ ಬಾಡಿಗೆ ₹60,000, ತಿಂಗಳಿಗೆ 3000 ಪ್ಲೇಟ್ ಹೋಗುತ್ತೆ ಅನ್ನೋ ಅಂದಾಜು. ಪ್ರತಿ ಪ್ಲೇಟೂ ₹20 ಬಾಡಿಗೆಯನ್ನ ಹೀರಿಕೊಳ್ಳಬೇಕು. ಹೋಗಿದ್ದು 2000 ಪ್ಲೇಟ್ ಮಾತ್ರ ಅಂದ್ರೆ ₹40,000 ಹೀರಿತು, ₹20,000 ಹೊರಗೇ ಉಳೀತು. ಅದೇ ಅಂಡರ್-ಅಬ್ಸಾರ್ಪ್ಷನ್. ಅದನ್ನ ಕೊನೆಗೆ ಹೀರಿಕೊಳ್ಳೋದು ಮಾಲೀಕನ ಜೇಬು. ಇನ್ನು ಹೊರವರ್ತುಲ ರಸ್ತೆಯ ಆಫೀಸ್ ಕಟ್ಟಡಗಳ ಸುದ್ದಿಯಲ್ಲಿ ನೆಟ್ ಅಬ್ಸಾರ್ಪ್ಷನ್ ಅಂತ ಬಂದ್ರೆ, ಹೊಸದಾಗಿ ತುಂಬಿದ ಜಾಗದಲ್ಲಿ ಖಾಲಿಯಾದ ಜಾಗ ಕಳೆದು ಉಳಿದಿದ್ದು, ಅಷ್ಟೇ.

ಸರಿ, ಮೆಟ್ರೋಗೆ ವಾಪಸ್. ಈ ಸ್ಟೇಷನ್‌ಗಳು ನಿಂತಿರೋ ದಂಡು ಪ್ರದೇಶವೇ ಒಂದು ಕೇಸ್ ಸ್ಟಡಿ. ಬ್ರಿಟಿಷರ ಕೈಯಲ್ಲಿದ್ದ ದಂಡು 1947ರ ಜುಲೈ 26ಕ್ಕೆ ಮೈಸೂರು ಸಂಸ್ಥಾನಕ್ಕೆ ವಾಪಸ್ ಬಂತು. ಪೇಟೆಗೊಂದು, ದಂಡಿಗೊಂದು ಪುರಸಭೆ ಬೇರೆ ಬೇರೆ ಇದ್ವು. 1949ರಲ್ಲಿ ಎರಡೂ ಸೇರಿ ಹೊಸ ಕಾರ್ಪೊರೇಷನ್ ಆಯ್ತು. ಪುಸ್ತಕದ ಪ್ರಕಾರ ಇದು ಅಮಾಲ್ಗಮೇಷನ್, ಎ ಮತ್ತು ಬಿ ಹೋಗಿ ಸಿ.

ಹಾಗೇ ಮುಂದೆ ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರಕ್ಕೆ ಹೋಗಿ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳು ಮಹಾನಗರ ಪಾಲಿಕೆ ಜೊತೆ ಸೇರಿ ಬಿಬಿಎಂಪಿ ಆಯ್ತು. ಆ ಏಳರಲ್ಲಿ ಕೆ.ಆರ್. ಪುರವೂ ಒಂದು. ಕಾಗದದ ಮೇಲೆ ಇದೂ ಹೊಸ ಸಂಸ್ಥೆ, ಅಮಾಲ್ಗಮೇಷನ್. ಆದ್ರೆ ಅಲ್ಲಿಯವರ ಕಡೆಯಿಂದ ನೋಡಿ: ತಮ್ಮದೇ ನಗರಸಭೆ ಹೋಯ್ತು, ಹೊಸ ಪಾಲಿಕೆಗೆ ಮೊದಲ ಚುನಾವಣೆ ನಡೆದಿದ್ದು 2010ರಲ್ಲಿ. ಮಧ್ಯದ ಮೂರು ವರ್ಷ ಮೋರಿ ಕಟ್ಟಿದೆ ಅಂತ ಹೇಳೋಕೆ ಒಬ್ಬ ಕೌನ್ಸಿಲರ್ ಇಲ್ಲ. ಹೆಸರು ಏನೇ ಇರ್ಲಿ, ಅನುಭವ ಮಾತ್ರ ಅಬ್ಸಾರ್ಪ್ಷನ್‌ದೇ.

ಈಗ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ ಸೇರಿದೆ. ಬಿ.ಕಾಂ ಭಾಷೆಯಲ್ಲಿ ಇದು ಡಿಮರ್ಜರ್. ಆಸ್ತಿ ಯಾರಿಗೆ, ಹಳೇ ಸಾಲ ಯಾರಿಗೆ ಅನ್ನೋ ಲೆಕ್ಕ ಅದರಲ್ಲಿ ಇನ್ನೂ ಮಜವಾಗಿರುತ್ತೆ. ಮುಂದಿನ ವಾರ ಅದನ್ನೇ ಮಾತಾಡೋಣ.