ದಕ್ಷಿಣ ದಿಕ್ಕಿನ ವಿಚಿತ್ರ ಗೆಲಾಕ್ಸಿ

ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರಿರುವ ಊರುಗಳು ತೆಲಂಗಾಣದ ನಾರಾಯಣಪೇಟೆ, ಮಖ್ತಲ್, ಗದ್ವಾಲ್. ಲಂಡನ್ನಿನಲ್ಲಿ ಎಂದೂ ಉದಯಿಸದ ಒಂದು ಗೆಲಾಕ್ಸಿ ಅಲ್ಲಿ ಎಪ್ರಿಲ್-ಮೇ ರಾತ್ರಿಗಳಲ್ಲಿ ದಕ್ಷಿಣ ದಿಕ್ಕಿನಲ್ಲಿ ಸುಮಾರು 30 ಡಿಗ್ರಿ ಮೇಲೇರುತ್ತದೆ. ಕಾಸರಗೋಡಿನಲ್ಲಿ ಇನ್ನೂ ತುಸು ಎತ್ತರ. ಅದು ಕಿನ್ನರ ನಕ್ಷತ್ರಪುಂಜದ ಎನ್‌ಜಿಸಿ 5128. ಹಾಲ್ಟನ್ ಆರ್ಪ್ 1966ರಲ್ಲಿ ಪ್ರಕಟಿಸಿದ 338 ವಿಚಿತ್ರ ಗೆಲಾಕ್ಸಿಗಳ ಚಿತ್ರಸಂಪುಟದಲ್ಲಿ ಇದು 153ನೆಯದು. ದುಂಡನೆಯ ಮಸುಕು ಬೆಳಕಿನ ನಡುವೆ ಧೂಳಿನ ಕರಿಪಟ್ಟಿ. ಬೇರೊಂದು ಗೆಲಾಕ್ಸಿಯನ್ನು ನುಂಗಿದ ಗುರುತದು ಎನ್ನುತ್ತಾರೆ ವಿಜ್ಞಾನಿಗಳು.

ಚಿಕ್ಕ ದೂರದರ್ಶಕ, ಭೂಮಿಯ ಸುತ್ತಿಗೆ ಸರಿಯಾಗಿ ಅದನ್ನು ತಿರುಗಿಸುವ ಯಂತ್ರ, ಒಂದು ಕ್ಯಾಮರಾ ಸಾಕು. ಹತ್ತಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ ಆ ಪಟ್ಟಿ ಮೂಡಿ ಬರುತ್ತದೆ. ಆದರೆ ಕತ್ತಲೆಯನ್ನು ಅಂಗಡಿಯಿಂದ ತರಲಾಗದು. ಬೀದಿದೀಪಗಳ ಬೆಳಕು ನೆಲಕ್ಕಷ್ಟೇ ಬೀಳುವಂತೆ ಮಾಡಿದರೆ ಈ ಆಸ್ತಿ ನಮ್ಮ ಮಕ್ಕಳಿಗೂ ಉಳಿದೀತು.